ವೇದಿಕೆಗೊಂದು, ಸಭೆಗೊಂದು

ಸೌಂಡಿನವನ ಬಾಳು ಇಷ್ಟೇ ನೋಡಿ. ಹಾಡು ಚೆನ್ನಾಗಿ ಬಂದರೆ ಚಪ್ಪಾಳೆ ಹಾಡಿದವರಿಗೆ. ಎಲ್ಲೋ ಒಂದು ಚೂರು ಕುಂಯ್ ಎಂದಿತೋ, ಇಡೀ ಸಭೆ ಕತ್ತು ತಿರುಗಿಸಿ ಹಿಂದೆ ಕೂತವನ ಮುಖ ನೋಡುತ್ತದೆ, ಅವನೇ ಬಾಯಿಬಿಟ್ಟು ಕೂಗಿದ ಹಾಗೆ. ಅರ್ಧ ಆಯುಸ್ಸನ್ನು ಆ ಹಿಂದಿನ ಕುರ್ಚಿಯಲ್ಲೇ ಸವೆಸಿದ ಸೌಂಡಣ್ಣನಿಗೆ ಈಗೀಗ ಅದಕ್ಕೆ ಸಿಟ್ಟು ಕೂಡ ಬರುತ್ತಿರಲಿಲ್ಲ. ಸಿಟ್ಟು ಬರಬೇಕಾದರೂ ಮೈಯಲ್ಲಿ ಒಂದಿಷ್ಟು ಕಸುವು ಇರಬೇಕಲ್ಲ!

ಆವತ್ತು ಬೆಳಿಗ್ಗೆ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಬರುವಾಗಲೇ ಅವನ ಸೊಂಟ ಬಿದ್ದುಹೋಗಿತ್ತು. ಹಿಂದಿನ ದಿನ ಎರಡು ಊರುಗಳಲ್ಲಿ ಎರಡು ಕಾರ್ಯಕ್ರಮ, ನಿದ್ದೆಯೆಲ್ಲ ವ್ಯಾನಿನ ಸೀಟಿನಲ್ಲಿ. ಇವತ್ತು ಒಂದು ಲಾರಿ ಕಂಪನಿಯ ವಾರ್ಷಿಕ ಕೂಟ. ಮೊದಲು ಹಾಡು, ಆಮೇಲೆ ದೊಡ್ಡವರ ಭಾಷಣ, ಮತ್ತೆ ಹಾಡು, ಕೊನೆಗೆ ಊಟ. ಸಾಲದ್ದಕ್ಕೆ ಸಭಾಂಗಣದ ಮ್ಯಾನೇಜರು ಬಾಗಿಲಲ್ಲೇ ಅಡ್ಡ ನಿಂತ.

“ನಿಮ್ಮ ಮಿಕ್ಸರ್ ಒಳಗೆ ತರೋ ಹಾಗಿಲ್ಲ. ಇಲ್ಲಿರೋದನ್ನೇ ಬಳಸ್ಬೇಕು. ರೂಲ್ಸು.”

“ನನ್ನದು ಕೈಗೆ ಪಳಗಿದ್ದು ಸಾರ್.”

“ಇದೂ ಪಳಗತ್ತೆ, ಬನ್ನಿ.”

ಪಳಗುತ್ತದಂತೆ! ಅದೇನು ಕರುವೇ, ಮೈ ಸವರಿದ ಕೂಡಲೇ ಹಿಂದೆ ಬರುವುದಕ್ಕೆ? ಸಭೆಯ ತೀರಾ ಹಿಂದೆ, ಕೈ ತೊಳೆಯುವ ಜಾಗದ ಪಕ್ಕದ ಮೇಜಿನ ಮೇಲೆ ಕೂತಿತ್ತು ಆ ಮಿಕ್ಸರ್. ಅರ್ಧ ತಿರುಗಣೆಗಳಿಗೆ ಟೋಪಿ ಇರಲಿಲ್ಲ. ಯಾರೋ ಪುಣ್ಯಾತ್ಮ ಅದರ ಮೇಲೆ ಚಹಾ ಲೋಟ ಇಟ್ಟು ಗುಂಡನೆ ಕಲೆ ಮಾಡಿಟ್ಟಿದ್ದ. ಸೌಂಡಣ್ಣ ಅಂಗಿಯ ತುದಿಯಿಂದ ಧೂಳು ಒರೆಸಿ, ಬಿಳಿ ಟೇಪು ಅಂಟಿಸಿ, ಒಂದೊಂದು ಸಾಲಿನ ಕೆಳಗೂ ಬರೆಯುತ್ತಾ ಹೋದ. ಕೀಬೋರ್ಡು. ಡ್ರಮ್ಮು. ಎರಡನೇ ದನಿ. ಅಕ್ಕ.

ಮಿಕ್ಸರ್ ಎಂದರೆ ಗಾಬರಿಯಾಗುವಂಥದ್ದೇನಿಲ್ಲ. ಒಂದು ಮೈಕಿಗೆ ಒಂದು ಸಾಲು. ಸಾಲಿನ ಬುಡದಲ್ಲಿ ಮೇಲೆ ಕೆಳಗೆ ಜಾರುವ ಒಂದು ಹಿಡಿ ಇರುತ್ತದೆ, ಅದು ಫೇಡರ್. ಅದನ್ನು ಏರಿಸಿದರೆ ಆ ಮೈಕಿನ ದನಿ ಸಭೆಗೆ ಹೋಗುತ್ತದೆ, ಇಳಿಸಿದರೆ ಇಲ್ಲ. ಅದರ ಮೇಲ್ಗಡೆ ಆಕ್ಸ್ ಎನ್ನುವ ತಿರುಗಣೆಗಳು. ಅವು ಅದೇ ದನಿಯನ್ನು ಇನ್ನೊಂದು ದಾರಿಯಲ್ಲಿ ವೇದಿಕೆಗೆ ಕಳಿಸುತ್ತವೆ, ಹಾಡುವವರ ಕಾಲ ಬಳಿ ಅವರತ್ತ ಮುಖ ಮಾಡಿ ಕೂತ ಮಾನಿಟರ್ ಪೆಟ್ಟಿಗೆಗೆ. ಹಾಡುವವರು ತಮ್ಮ ದನಿ ಕೇಳುವುದು ಆ ಪೆಟ್ಟಿಗೆಯಿಂದ. ಸಭೆಗೆ ಏನು ಹೋಗುತ್ತಿದೆ ಎನ್ನುವುದು ಅವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಈ ಎರಡು ದಾರಿಗಳ ನಡುವಿನ ಸಂದಿಯಲ್ಲೇ ಸೌಂಡಣ್ಣ ಒಂದು ವರ್ಷದಿಂದ ಸುಳ್ಳಿನ ಸಂಸಾರ ನಡೆಸಿಕೊಂಡು ಬಂದಿದ್ದ.

ಸುಳ್ಳು ಬೇರೆ ಯಾರಿಗೂ ಅಲ್ಲ, ಒಡಹುಟ್ಟಿದ ಅಕ್ಕನಿಗೆ.

ಅಕ್ಕ ಎಂದರೆ ಅವನು ಸೌಂಡು ನೋಡಿಕೊಳ್ಳುತ್ತಿದ್ದ ಹಾಡಿನ ತಂಡಕ್ಕೆಲ್ಲ ಅಕ್ಕ. ಈಗ ಧಣಿ ಎನಿಸಿಕೊಂಡಿರುವ ಕೀಬೋರ್ಡಿನವನು ಮೂಗು ಸೋರಿಸಿಕೊಂಡು ತಿರುಗುತ್ತಿದ್ದ ಕಾಲದಲ್ಲೇ ಅವಳು ಸಭೆ ಗೆದ್ದವಳು. ತಾಯಿ ತೀರಿಕೊಂಡಾಗ ಸೌಂಡಣ್ಣನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ಊರೂರಿಗೆ ಹಾಡಲು ಹೋದಳು. ವೇದಿಕೆಯ ಪಕ್ಕದಲ್ಲಿ ಕಂಬಳಿ ಹಾಸಿ ಮಲಗಿಸಿ, ಎರಡು ಹಾಡಿನ ನಡುವೆ ಬಂದು ಹೊದಿಕೆ ಸರಿಮಾಡಿ ಹೋಗುತ್ತಿದ್ದಳು. ಅಲ್ಲಿ ಬಿದ್ದುಕೊಂಡು ವೈರುಗಳನ್ನು ನೋಡಿ ನೋಡಿಯೇ ಅವನಿಗೆ ಈ ಕಸುಬು ಹತ್ತಿದ್ದು. ಅವಳು ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. “ಒಬ್ಬ ಗಂಡಸನ್ನ ಸಾಕಿ ಸುಸ್ತಾಗಿದೆ, ಇನ್ನೊಬ್ಬ ಬೇಡ” ಎಂದು ತಮ್ಮನನ್ನು ತೋರಿಸಿ ನಗುತ್ತಿದ್ದಳು.

ಹೋದ ವರ್ಷ ಅವಳ ಗಂಟಲಿಗೆ ಆಪರೇಷನ್ ಆಯಿತು. ಮಾತಿಗೆ ಏನೂ ಆಗಲಿಲ್ಲ. ಕೆಳಗಿನ ಸ್ವರವೂ ನೆಟ್ಟಗಿತ್ತು. ಆದರೆ ಮೇಲಕ್ಕೆ ಏರಿಸಿದ ಕೂಡಲೇ ದನಿ ಸೀಳಿ ಎರಡಾಗುತ್ತಿತ್ತು. ಮೊದಲ ಕಾರ್ಯಕ್ರಮದಲ್ಲೇ ಜನ ಮುಖ ಮುಖ ನೋಡಿಕೊಂಡರು. ಧಣಿ ಇವನನ್ನು ಪಕ್ಕಕ್ಕೆ ಕರೆದು, “ಸೌಂಡಣ್ಣ, ಅಕ್ಕನ್ನ ಇನ್ನು ಮನೇಲಿ ಕೂರಿಸಿ. ನೀವೇ ಹೇಳಿ, ನನ್ನ ಬಾಯಲ್ಲಿ ಬರಲ್ಲ” ಎಂದ. ಇವನ ಬಾಯಲ್ಲಿ ಮಾತ್ರ ಬರುತ್ತದೆಯೇ? ಹಾಡು ನಿಂತರೆ ಅಕ್ಕ ಉಳಿಯುವುದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಧಣಿಯ ಕೈ ಹಿಡಿದು ಬೇಡಿಕೊಂಡ. ಆಗ ಹೊಳೆದದ್ದು ಈ ಉಪಾಯ.

ಡ್ರಮ್ಮರನ ಹೆಂಡತಿ ಎರಡನೇ ದನಿ ಹಾಡುತ್ತಿದ್ದಳು. ಅವಳಿಗೆ ಅಕ್ಕನ ಹಾಡುಗಳನ್ನೆಲ್ಲ ಪೂರ್ತಿ ಕಲಿಯಲು ಹೇಳಿದರು. ಕಾರ್ಯಕ್ರಮ ಶುರುವಾದ ಕೂಡಲೇ ಸೌಂಡಣ್ಣ ಅಕ್ಕನ ಫೇಡರನ್ನು ಮೆಲ್ಲಗೆ ತಳಕ್ಕೆ ಇಳಿಸುತ್ತಿದ್ದ. ಸಭೆಗೆ ಕೇಳುತ್ತಿದ್ದುದು ಡ್ರಮ್ಮರನ ಹೆಂಡತಿಯ ದನಿ. ಅಕ್ಕನ ದನಿಯನ್ನು ಮಾತ್ರ ಫೇಡರಿಗೆ ಮೊದಲೇ ಕವಲೊಡೆಸಿ, ಒಂದಿಷ್ಟು ಪ್ರತಿಧ್ವನಿ ಬೆರೆಸಿ, ಒಡಕಿಗೆ ಎಣ್ಣೆ ಸವರಿದ ಹಾಗೆ ನುಣ್ಣಗೆ ಮಾಡಿ ಅವಳ ಪೆಟ್ಟಿಗೆಗೆ ತುಂಬಿ ಕಳಿಸುತ್ತಿದ್ದ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಕೈ ಮುಗಿಯುತ್ತಿದ್ದಳು. ವಾಪಸ್ ಬರುವಾಗ ವ್ಯಾನಿನಲ್ಲಿ, “ಹೇಗೆ ಬಂತೋ?” ಎಂದು ಕೇಳುತ್ತಿದ್ದಳು.

“ಚಿನ್ನದ ಹಾಗೆ ಬಂತು ಅಕ್ಕ.”

ಸುಳ್ಳು ಹೇಳುವುದು ಸುಲಭ ಎಂದವರು ಯಾರೋ ಕಾಣೆ. ಒಂದು ಸಲ ಹೇಳಿ ಕೈ ತೊಳೆದುಕೊಳ್ಳುವ ಸುಳ್ಳಾದರೆ ಸರಿ. ಇದು ದಿನಾ ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕಾದ ಸುಳ್ಳು. ಒಂದು ಕೈ ಫೇಡರಿನ ಮೇಲೆ, ಇನ್ನೊಂದು ಆಕ್ಸಿನ ಮೇಲೆ, ಕಣ್ಣು ಮೀಟರಿನ ಮೇಲೆ. ತಂಡದಲ್ಲಿ ಯಾರಾದರೂ ಸುಮ್ಮನೆ “ಅಕ್ಕಂಗೆ ಗೊತ್ತಾ?” ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಇವನ ಎದೆ ಹಾರುತ್ತಿತ್ತು. ಅವರು ಕೇಳಿದ್ದು ಊಟದ ಹೊತ್ತು ಗೊತ್ತಾ ಅಂತ ಇರುತ್ತಿತ್ತು. ಹೇಳಿದರೆ ಅಕ್ಕ ಕುಸಿದುಹೋಗುತ್ತಾಳೆ, ಹೇಳದೆ ಅವಳಾಗಿಯೇ ತಿಳಿದುಕೊಂಡರೆ ಇನ್ನು ಈ ಜನ್ಮದಲ್ಲಿ ತಮ್ಮನ ಮುಖ ನೋಡುವುದಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ದಣಿದಿದ್ದ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ಅಕ್ಕ ಬಂದಳು. ಕತ್ತಿಗೆ ಶಾಲು ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕು ಬಗಲಲ್ಲಿ ಇಟ್ಟುಕೊಂಡು ವೇದಿಕೆ ಹತ್ತಿದವಳು ಮೈಕ್ ಹಿಡಿದು ಮೊದಲು ಹೇಳಿದ್ದೇ, “ಹಿಂದೆ ಕೂತಿರೋ ಮಹಾರಾಜರು ತಿಂಡಿ ತಿಂದ್ರಾ?”

ಖಾಲಿ ಸಭಾಂಗಣದ ತುಂಬ ಅದು ಮೊಳಗಿತು. ಕುರ್ಚಿ ಜೋಡಿಸುತ್ತಿದ್ದವರು ನಕ್ಕರು. ಸೌಂಡಣ್ಣ ಕೈಯೆತ್ತಿ ಆಯಿತು ಎಂದ. ತಿಂದಿರಲಿಲ್ಲ.

ಮೈಕ್ ಪರೀಕ್ಷೆಯ ಹೊತ್ತಿನಲ್ಲಿ ಅವನು ಅಕ್ಕನ ಫೇಡರನ್ನು ಯಾವತ್ತೂ ಇಳಿಸುತ್ತಿರಲಿಲ್ಲ. ಖಾಲಿ ಸಭೆಯಲ್ಲಿ ಇಳಿಸಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಗಂಟಲು ಉಳಿಸಿಕೊಳ್ಳಬೇಕೆಂದು ಅವಳೂ ಆಗ ಕೆಳಗಿನ ಸ್ವರದಲ್ಲೇ ಎರಡು ಸಾಲು ಗುನುಗುತ್ತಿದ್ದಳು. ಇವತ್ತೂ ಹಾಗೆಯೇ ಆಯಿತು. ಪೆಟ್ಟಿಗೆ ಸಾಕಾ ಎಂದು ಇವನು ಸನ್ನೆಯಲ್ಲಿ ಕೇಳಿದ. ಇನ್ನೊಂಚೂರು ಎಂದು ಅವಳು ಬೆರಳು ಮೇಲೆತ್ತಿದಳು. ಆಕ್ಸ್ ತಿರುಗಣೆ ಒಂಚೂರು ಏರಿಸಿದ. ಸಾಕು ಎಂದಳು. ಎಲ್ಲವೂ ಸರಿಯಾಗಿತ್ತು, ಅಥವಾ ಸರಿಯಾಗಿ ಕೇಳುತ್ತಿತ್ತು.

ಲಾರಿ ಕಂಪನಿಯವರು ಹೆಂಡತಿ ಮಕ್ಕಳ ಸಮೇತ ಬಂದು ಕೂತರು. ಧಣಿ ಕೀಬೋರ್ಡಿನಲ್ಲಿ ಮೊದಲ ಹಾಡಿನ ಎತ್ತುಗಡೆ ನುಡಿಸಿದ. ಅಕ್ಕ ಕಣ್ಣು ಮುಚ್ಚಿ ಉಸಿರು ತುಂಬಿಕೊಂಡಳು. ಸೌಂಡಣ್ಣ ಎಂದಿನಂತೆ ಡ್ರಮ್ಮರನ ಹೆಂಡತಿಯ ಫೇಡರನ್ನು ಏರಿಸುತ್ತಾ, ಅಕ್ಕನದನ್ನು ತಳಕ್ಕೆ ಇಳಿಸಿದ.

ಅಕ್ಕನ ಕಣ್ಣು ತೆರೆಯಿತು.

ಅವಳು ಹಾಡು ಬಿಡಲಿಲ್ಲ. ಹಳೇ ಕೈ, ಅಷ್ಟಕ್ಕೆಲ್ಲ ಬಿಡುವವಳಲ್ಲ. ಬೆರಳಿನಿಂದ ಕಾಲ ಬಳಿಯ ಪೆಟ್ಟಿಗೆ ತೋರಿಸಿ, ಮೇಲೆ ಮಾಡು ಎಂದು ಸನ್ನೆ ಮಾಡಿದಳು. ಇವನು ಆಕ್ಸ್ ತಿರುಗಣೆಯನ್ನು ಏರಿಸಿದ. ಅವಳು ತಲೆಯಾಡಿಸಿದಳು, ಇಲ್ಲ, ಬರುತ್ತಿಲ್ಲ. ಇನ್ನೂ ಏರಿಸಿದ. ಇಲ್ಲ. ಪೂರ್ತಿ ಏರಿಸಿದ. ಇಲ್ಲ. ಮೀಟರ್ ನೋಡಿದರೆ ಅಕ್ಕನ ಸಾಲಿನಲ್ಲಿ ಹಸಿರು ದೀಪಗಳು ಹಳದಿಯವರೆಗೆ ಜಿಗಿಯುತ್ತಿವೆ. ಆ ಮೀಟರ್ ತೋರಿಸುವುದು ಮೈಕಿನಿಂದ ಎಷ್ಟು ಬರುತ್ತಿದೆ ಎಂದು. ಫೇಡರ್ ಎಲ್ಲಿದ್ದರೂ ಅದಕ್ಕೆ ಲೆಕ್ಕವಿಲ್ಲ. ಅಂದರೆ ಮೈಕ್ ಸರಿ, ವೈರ್ ಸರಿ, ಅಕ್ಕ ಹಾಡುತ್ತಿದ್ದಾಳೆ. ಮತ್ತೆ ಪೆಟ್ಟಿಗೆಗೆ ಯಾಕೆ ಹೋಗುತ್ತಿಲ್ಲ?

ಆಗ ಕಂಡಿತು. ಮಿಕ್ಸರಿನ ಮೇಲಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಬಟನ್. ವೇದಿಕೆಗೆ ಹೋಗುವ ದನಿ ಫೇಡರಿಗೆ ಮೊದಲು ಕವಲೊಡೆಯಬೇಕೋ ಆಮೇಲೆ ಒಡೆಯಬೇಕೋ ಎಂದು ಹೇಳುವ ಬಟನ್. ಅವನ ಸ್ವಂತ ಮಿಕ್ಸರಿನಲ್ಲಿ ಅದು ವರ್ಷಗಳಿಂದ ‘ಮೊದಲು’ ಎನ್ನುವ ಕಡೆ ತುಕ್ಕು ಹಿಡಿದು ಕೂತಿತ್ತು. ಇಲ್ಲಿ ಹಿಂದೆ ಬಂದವನು ಯಾರೋ ಆ ದಾರಿಯನ್ನು ಬೇರೇನಕ್ಕೋ ಬಳಸಿ, ‘ಆಮೇಲೆ’ ಎನ್ನುವ ಕಡೆ ಬಿಟ್ಟುಹೋಗಿದ್ದ. ಆಮೇಲೆ ಎಂದಾದರೆ ಫೇಡರ್ ಇಳಿದಷ್ಟೂ ವೇದಿಕೆಯ ಪೆಟ್ಟಿಗೆಯೂ ಸಾಯುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಫೇಡರ್ ಮೇಲಿತ್ತಲ್ಲ, ಹಾಗಾಗಿ ಎರಡೂ ಒಂದೇ ಥರ ಕೇಳಿತ್ತು. ಅಕ್ಕನಿಗೆ ಅನುಮಾನ ಬಾರದಿರಲಿ ಎಂದು ಮಾಡಿದ ಉಪಾಯವೇ ಅವನ ಕಣ್ಣಿಗೆ ಮಣ್ಣೆರಚಿತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ, ಅದೂ ದಬಕ್ಕನೆ!

ಈಗ ಬಟನ್ ಒತ್ತೋಣವೆಂದರೆ ಆಕ್ಸ್ ಪೂರ್ತಿ ಏರಿ ನಿಂತಿದೆ. ಒತ್ತಿದ ಕ್ಷಣ ಪೆಟ್ಟಿಗೆ ಕಿರುಚಿ ಎಲ್ಲರ ಕಿವಿ ಹರಿದುಬಿಡುತ್ತದೆ. ಮೊದಲು ಅದನ್ನು ಇಳಿಸಬೇಕು. ಇಳಿಸಲು ಕೈ ಹಾಕಿ ಒಮ್ಮೆ ವೇದಿಕೆಯ ಕಡೆ ನೋಡಿದ.

ಅಕ್ಕ ಹಾಡುತ್ತಿರಲಿಲ್ಲ. ಮೈಕನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಸಭೆಯಲ್ಲಿ ಟಕ್ ಎಂಬ ಸದ್ದು ಬರಲಿಲ್ಲ. ಹಾಡು ಮಾತ್ರ ನಿಲ್ಲದೆ ಸಾಗಿತ್ತು. ಅವಳು ನಿಧಾನವಾಗಿ ತಿರುಗಿ ಪಕ್ಕದಲ್ಲಿ ನಿಂತವಳನ್ನು ನೋಡಿದಳು. ಡ್ರಮ್ಮರನ ಹೆಂಡತಿ ಪಾಪ, ತಲೆ ತಗ್ಗಿಸಿ, ಕೆನ್ನೆ ಕೆಂಪಾಗಿ, ಆದರೂ ಹಾಡುತ್ತಲೇ ಇದ್ದಳು. ಅಕ್ಕ ಸಭೆಯನ್ನು ನೋಡಿದಳು. ಆಮೇಲೆ ಸಭೆಯ ತಲೆಗಳ ಮೇಲಿಂದ ನೇರ ತಮ್ಮನನ್ನು ನೋಡಿದಳು. ಸೌಂಡಣ್ಣ ತಿರುಗಣೆಯಿಂದ ಕೈ ತೆಗೆದ. ಇನ್ನು ಏನು ಮಾಡಿ ಏನು ಬಂತು?

ಭಾಷಣಕ್ಕೆ ಮುಂಚಿನ ಉಳಿದ ಹಾಡುಗಳಿಗೆಲ್ಲ ಅವಳು ಅಲ್ಲೇ ನಿಂತಳು. ತುಟಿ ಆಡಿಸಿದಳು, ಕೈ ಮುಗಿದಳು. ಲಾರಿ ಕಂಪನಿಯ ಯಜಮಾನರು ಭಾಷಣಕ್ಕೆ ಎದ್ದ ಮೇಲೆ ಶಾಲು ಹೊದ್ದು, ಮೆಟ್ಟಿಲಿಳಿದು, ಗೋಡೆ ಬದಿಯಿಂದ ನಡೆದು ಹಿಂದಕ್ಕೆ ಬಂದಳು.

“ಏಳಬೇಡ, ಕೂತ್ಕೋ” ಎಂದು ವೈರಿನ ಪೆಟ್ಟಿಗೆಯ ಮೇಲೆ ತಾನೂ ಕೂತಳು. ಆಮೇಲೆ ಟೇಪಿನ ಮೇಲೆ ಅವನು ‘ಅಕ್ಕ’ ಎಂದು ಬರೆದ ಜಾಗದಲ್ಲಿ ಬೆರಳಿಟ್ಟಳು.

“ಇದು ನಂದಲ್ವೇನೋ?”

“ಹೂಂ.”

“ತಳ ಕಚ್ಚಿದೆ.”

ಅವನು ಟೇಪಿನ ತುದಿಯನ್ನು ಉಗುರಿನಿಂದ ಕೆರೆದ.

“ಮೈಕ್ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನನ್ನ ಹಾಡು ಕೇಳಿಸ್ತಾನೇ ಇದೆ. ನಾನು ಬಾಯಿ ಮುಚ್ಚಿದ್ರೂ ಕೇಳಿಸ್ತಾನೇ ಇದೆ.”

“ಅಕ್ಕ, ಇವತ್ತು ಇಲ್ಲೊಂದು ಬಟನ್ನು…”

“ಇವತ್ತಿಂದು ಬಿಡು. ಯಾವಾಗಿನಿಂದ?”

“ಆಪರೇಷನ್ ಆದ್ಮೇಲೆ.”

“ಆದ್ಮೇಲೆ ಅಂದ್ರೆ, ಆವಾಗಿನಿಂದ್ಲೂ?”

“ಹೂಂ.”

ಯಜಮಾನರು ಏನೋ ಹಾಸ್ಯ ಮಾಡಿದರು. ಸಭೆ ನಕ್ಕಿತು. ನಗು ಮುಗಿಯುವವರೆಗೆ ಅಕ್ಕ ಕಾದಳು.

“ಅವಳಿಗೂ ಗೊತ್ತು. ಧಣಿಗೂ ಗೊತ್ತು, ಅಲ್ವಾ?”

“ಎಲ್ರಿಗೂ.”

“ವ್ಯಾನ್ ಓಡಿಸೋನಿಗೂ?”

ಸೌಂಡಣ್ಣ ತಲೆ ತಗ್ಗಿಸಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಭೂಮಿಗೆ ಅಂಥ ದಯೆ ಯಾವತ್ತು ಇತ್ತು!

“ಹಾಗಾದ್ರೆ ಗೊತ್ತಿಲ್ದೆ ಇದ್ದೋಳು ನಾನೊಬ್ಳೇ” ಎಂದಳು ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. “ಅಲ್ಲ ಕಣೋ, ದಿನಾ ಚಿನ್ನದ ಹಾಗೆ ಬಂತು ಅಂತಿದ್ಯಲ್ಲ. ಆ ಒಂದು ಮಾತು ಕೇಳಿದ್ರೆ ನಂಗೆ ನಿದ್ದೆ ಬರ್ತಿತ್ತು.”

“ಹಾಡು ಬಿಟ್ರೆ ನೀನು ಉಳಿಯಲ್ಲ ಅಂತ ಅನ್ನಿಸ್ತು ಅಕ್ಕ.”

“ಯಾರು ಹೇಳಿದ್ರು ನಿಂಗೆ?”

ಯಾರೂ ಹೇಳಿರಲಿಲ್ಲ. ಅವನೇ ಅಂದುಕೊಂಡಿದ್ದ, ಅವನೇ ನಂಬಿದ್ದ, ಅವನೇ ಹೆದರಿದ್ದ. ಆ ಒಂದು ವರ್ಷದಲ್ಲಿ ಅವಳನ್ನು ಒಂದು ಮಾತು ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹೆಡ್‌ಫೋನಿನ ವೈರಿನ ಗಂಟು ಬಿಡಿಸುವವನಂತೆ ಮುಖ ಬಗ್ಗಿಸಿದ.

“ಆ ಬಟನ್ ಯಾವುದು?” ಎಂದಳು. ತೋರಿಸಿದ. “ಅದನ್ನ ಒತ್ತಿದ್ರೆ?”

“ಮೊದಲಿನ ಹಾಗೆ ಆಗತ್ತೆ. ಫೇಡರ್ ಎಲ್ಲಿದ್ರೂ ನಿನ್ನ ಪೆಟ್ಟಿಗೆಗೆ ನೀನು ಕೇಳಿಸ್ತೀಯ.”

“ಒತ್ತದೇ ಇದ್ರೆ?”

“ಸಭೆಗೆ ಎಷ್ಟು ಹೋಗತ್ತೋ ಅಷ್ಟೇ ನಿಂಗೂ.”

“ಹಾಗಾದ್ರೆ ಹಾಗೇ ಇರ್ಲಿ, ಮುಟ್ಟಬೇಡ. ಅದೇನೋ ಗುಂಯ್ ಅನ್ನೋ ಅಲಂಕಾರ ಬೇರೆ ಮಾಡ್ತೀಯಲ್ಲ, ಅದನ್ನೂ ತೆಗಿ.” ಮೊಣಕಾಲು ಹಿಡಿದು ಎದ್ದಳು. “ಭಾಷಣ ಮುಗಿದ್ಮೇಲೆ ಮೊದಲನೇ ಹಾಡು ನಂದು. ಮೇಲೆ ಹಾಕ್ತೀಯೋ ಕೆಳಗೆ ಹಾಕ್ತೀಯೋ ನಿನ್ನಿಷ್ಟ. ಏನು ಮಾಡಿದ್ರೂ ನಂಗೆ ಕೇಳಿಸತ್ತೆ.”

ಅವಳು ಅತ್ತ ಹೋದದ್ದೇ ತಡ, ಧಣಿ ಇತ್ತ ಓಡಿ ಬಂದ. “ಏನಂತೆ ಸೌಂಡಣ್ಣ?”

“ಗೊತ್ತಾಯ್ತು.”

“ಅಯ್ಯಯ್ಯೋ! ಅತ್ತುಕರೆದು ಮಾಡಿದ್ರಾ?”

“ಇಲ್ಲ. ಹಾಡ್ತಾಳಂತೆ.”

“ಹಾಡ್ಲಿ, ಬೇಡ ಅಂದೋರ್ಯಾರು? ಫೇಡರ್ ಮಾತ್ರ ಮೇಲೆ ಬರಬಾರ್ದು. ಮುಂದಿನ ಸಾಲಲ್ಲಿ ಯಾರ್ಯಾರು ಕೂತಿದಾರೆ ನೋಡಿದ್ರಾ? ನಾನು ಒಂದು ವರ್ಷ ನಿಮ್ಮ ಮಾತು ನಡೆಸಿಕೊಟ್ಟಿದೀನಿ. ಇವತ್ತೊಂದಿನ ನನ್ನ ಮಾತು ನಡೀಲಿ.”

ಧಣಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೌಂಡಣ್ಣ ಪೂರ್ತಿ ಏರಿ ನಿಂತಿದ್ದ ಆಕ್ಸನ್ನು ಮೊದಲಿನ ಜಾಗಕ್ಕೆ ಇಳಿಸಿ, ಪ್ರತಿಧ್ವನಿಯನ್ನೂ ತೆಗೆದ.

ಭಾಷಣ ಮುಗಿಯಿತು. ಡ್ರಮ್ಮು ನಿಧಾನವಾಗಿ ಹೆಜ್ಜೆ ಹಾಕಿತು. ಅಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು, ಈ ಸಲ ಕಣ್ಣು ಮುಚ್ಚಲಿಲ್ಲ. ಸೌಂಡಣ್ಣನ ಬೆರಳು ಫೇಡರಿನ ಮೇಲಿತ್ತು. ಕೆಳಗೇ ಬಿಟ್ಟರೆ ಸಭೆ ಉಳಿಯುತ್ತದೆ, ಅಕ್ಕನಿಗೆ ತಮ್ಮ ಇನ್ನೊಮ್ಮೆ ಬಾಯಿ ಮುಚ್ಚಿಸಿದ್ದು ಕೇಳುತ್ತದೆ. ಏರಿಸಿದರೆ ನಾಲ್ಕು ಜನರ ಮುಂದೆ ಅವಳ ಒಡಕು ಬಯಲಾಗುತ್ತದೆ. ಮೀನಮೇಷ ಎಣಿಸಲು ಹೊತ್ತಿರಲಿಲ್ಲ. ಅವನು ಏರಿಸಿದ.

ಮೊದಲ ನುಡಿ ಕೆಳಗಿನ ಸ್ವರದ್ದು. ಅಕ್ಕನ ದನಿ ಸಭೆಯ ತುಂಬ ಹರಡಿತು. ಸವೆದ ದನಿ, ಆದರೆ ಎಷ್ಟು ತುಂಬಿದ ದನಿ! ಪಿಸುಮಾತಾಡುತ್ತಿದ್ದವರು ಸುಮ್ಮನಾದರು. ಸೌಂಡಣ್ಣನಿಗೆ ಒಂದು ಗಳಿಗೆ ಆಸೆ ಹುಟ್ಟಿತು, ಏನೋ ಆಗಿ ಸರಿಹೋಗಿದೆಯೇನೋ ಎಂದು. ಮನುಷ್ಯನ ಆಸೆಗೆ ನಾಚಿಕೆ ಎಲ್ಲಿದೆ.

ಎರಡನೇ ನುಡಿಯಲ್ಲಿ ಹಾಡು ಮೇಲೇರಿತು. ದನಿ ಸೀಳಿತು.

ಮಾತಿನಲ್ಲಿ ಹೇಳಲಾಗದಷ್ಟು ಕೆಟ್ಟದಾಗಿ ಸೀಳಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಬೆಚ್ಚಿದಳು. ಮಧ್ಯದಲ್ಲಿ ಒಬ್ಬ ಪಕ್ಕದವನ ಮೊಣಕೈ ತಿವಿದು ನಕ್ಕ. ರೂಢಿಯಂತೆ ಒಂದಿಷ್ಟು ಕತ್ತುಗಳು ಹಿಂದಕ್ಕೆ ತಿರುಗಿ ಸೌಂಡಿನವನನ್ನು ನೋಡಿದವು. ಧಣಿ ಕೀಬೋರ್ಡಿನ ಹಿಂದಿನಿಂದ ಒಂದು ಕೈಯಲ್ಲಿ ನುಡಿಸುತ್ತಾ ಇನ್ನೊಂದನ್ನು ಕೊಡಲಿಯಂತೆ ಬೀಸಿ, ಇಳಿಸಿ, ಇಳಿಸಿ ಎಂದು ಸನ್ನೆ ಮಾಡಿದ. ಸೌಂಡಣ್ಣ ಅವನ ಕಡೆ ನೋಡಲಿಲ್ಲ. ಬೆರಳು ಫೇಡರಿನ ಮೇಲೆ ಅಂಟಿಕೊಂಡಿತ್ತು. ಇಳಿಸಬಾರದು, ಸತ್ತರೂ ಇಳಿಸಬಾರದು ಎಂದುಕೊಂಡ.

ಅಕ್ಕ ತನ್ನ ಪೆಟ್ಟಿಗೆಯತ್ತ ಕಿವಿ ವಾಲಿಸಿದಳು. ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು. ಮತ್ತೆ ಸೀಳಿತು. ಅವಳು ಕುಸಿಯುತ್ತಾಳೆ ಎಂದು ಇವನು ಕಾದ. ಅವಳು ಕುಸಿಯಲಿಲ್ಲ. ಕಳೆದ ವಸ್ತು ಎಲ್ಲಿ ಬಿದ್ದಿದೆ ಎಂದು ಕೊನೆಗೂ ತಿಳಿದ ಹೆಂಗಸಿನ ಮುಖ ಅವಳದಾಗಿತ್ತು. ಡ್ರಮ್ಮರನ ಹೆಂಡತಿಯ ಕಡೆ ತಿರುಗಿ, ತಗೋ ಎನ್ನುವ ಹಾಗೆ ಗದ್ದ ಎತ್ತಿದಳು. ಅವಳು ಗಾಬರಿಯಲ್ಲೇ ಸಾಲು ಎತ್ತಿಕೊಂಡಳು. ಆಮೇಲೆ ಅಕ್ಕ ತಮ್ಮನತ್ತ ನೋಡಿ, ಅಂಗೈಯನ್ನು ನೆಲಕ್ಕೆ ಮುಖ ಮಾಡಿ, ಮೆಲ್ಲಗೆ ಕೆಳಗಿಳಿಸಿದಳು.

ಅವನು ತಲೆಯಾಡಿಸಿದ, ಇಲ್ಲ. ಅವಳು ಮತ್ತೆ ಇಳಿಸಿದಳು. ಹಾಡುತ್ತಲೇ ಇದ್ದಳು, ಕೈ ಮಾತ್ರ ಹೇಳುತ್ತಿತ್ತು, ಇಳಿಸು, ಇಳಿಸು, ಇನ್ನೂ.

ಸೌಂಡಣ್ಣ ಇಳಿಸಿದ. ಅವನು ಕೂದಲೆಳೆಯಷ್ಟು ಇಳಿಸಿದಂತೆ ಅವಳ ಪೆಟ್ಟಿಗೆಯೂ ಅಷ್ಟಷ್ಟೇ ಬತ್ತುತ್ತಾ ಹೋಯಿತು. ತನ್ನ ದನಿ ಮರೆಯಾಗುವುದನ್ನು ಅವಳು ಕಿವಿಗೊಟ್ಟು ಕೇಳಿದಳು. ಫೇಡರ್ ತಳ ಮುಟ್ಟಿತು. ಸಭೆಯಲ್ಲಿ ಡ್ರಮ್ಮರನ ಹೆಂಡತಿಯ ದನಿಯೊಂದೇ ಉಳಿಯಿತು. ಜನ ಸಮಾಧಾನದಿಂದ ಕುರ್ಚಿಗೆ ಒರಗಿದರು.

ಆದರೆ ಅಕ್ಕನ ಸಾಲಿನ ಮೀಟರಿನಲ್ಲಿ ಹಸಿರು ದೀಪಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವನು ಹೆಡ್‌ಫೋನ್ ಹಾಕಿಕೊಂಡು ಅವಳ ಸಾಲಿನ ಬಟನ್ ಒತ್ತಿದ. ಅದನ್ನು ಒತ್ತಿದರೆ ಆ ಒಂದು ಮೈಕು ಕೇಳುವುದು ಅವನ ಕಿವಿಗೆ ಮಾತ್ರ. ಅಕ್ಕ ಕೆಳಗಿನ ಸ್ವರದಲ್ಲಿ ಹಾಡುತ್ತಿದ್ದಳು. ಒಡಕಿರಲಿಲ್ಲ. ಹಾಡಿನ ನಡುವೆ ವಾದ್ಯಗಳ ಸರದಿ ಬಂದಾಗ ಅವಳು ನಿಲ್ಲಿಸಿ, ದೂರದಲ್ಲಿ ಕಿವಿ ಮುಚ್ಚಿಕೊಂಡು ಕೂತ ತಮ್ಮನನ್ನು ನೋಡಿ, ಮೈಕಿಗೆ ತುಟಿ ತಾಗಿಸಿ ಮಾತಾಡಿದಳು.

“ಕೇಳಿಸ್ತಿದ್ಯೇನೋ?”

ಅವನು ಕೈಯೆತ್ತಿದ.

“ನಾನು ಸಾಯಲ್ಲ ಕಣೋ. ನೋಡು, ನಿಂತೇ ಇದೀನಿ.” ಉಸಿರು ಎಳೆದುಕೊಂಡದ್ದೂ ಕೇಳಿತು. “ನೀನೇ ಹೇಳ್ಬೇಕಾಗಿತ್ತು. ಬೇರೆ ಯಾರು ಹೇಳಿದ್ರೂ ಜಗಳಕ್ಕೆ ನಿಲ್ತಿದ್ದೆ. ನೀನು ಹೇಳಿದ್ರೆ ನಂಬ್ತಿದ್ದೆ.”

ಮಿಕ್ಸರಿನಲ್ಲಿ ಇವನಿಗೂ ಒಂದು ಪುಟ್ಟ ಮೈಕ್ ಇತ್ತು, ವೇದಿಕೆಯ ಪೆಟ್ಟಿಗೆಗೆ ನೇರವಾಗಿ ಮಾತಾಡಲು. ಅದರ ಬಟನ್ ಒತ್ತಿ ಹಿಡಿದ. ಹೇಳಬೇಕಾದ್ದು ಒಂದು ವರ್ಷದಷ್ಟಿತ್ತು.

“ಅಕ್ಕಾ” ಎಂದ. ಬೆರಳು ತೆಗೆದ.

ಅವಳು ಕಾಲ ಬಳಿಯ ಪೆಟ್ಟಿಗೆಯನ್ನು ಬಗ್ಗಿ ನೋಡಿದಳು. “ಹೂಂ, ಕೇಳಿಸ್ತು” ಎಂದಳು. “ಸುಸ್ತಾಗಿದೆ ನಂಗೆ. ನಿಂಗೂ ಆಗಿದೆ. ಇನ್ನು ನನ್ನ ಮೈಕ್ ಆಫ್ ಮಾಡು.”

ಡ್ರಮ್ಮರನ ಹೆಂಡತಿ ಕೊನೆಯ ನುಡಿಗೆ ಬಂದಿದ್ದಳು. ಸೌಂಡಣ್ಣನ ಬೆರಳು ಅಕ್ಕನ ಮೈಕನ್ನು ಪೂರ್ತಿ ಆರಿಸುವ ಬಟನಿನ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿತ್ತು. ಅಕ್ಕ ಅವಸರ ಮಾಡಲಿಲ್ಲ. ಹಾಡು ಮುಗಿಯುವ ಮುಂಚೆ ಅವನು ಒತ್ತಿದ.